ತಲೆ ಬಾಚಲೂ ಏಳದ ತೋಳು: ಓಲ್ಡ್ ಹಾಸ್ ರಾಡ್‌ಬರ್ನ್ ಮತ್ತು 1884ರ ಬೇಸಿಗೆ

ಹೋದ ಶನಿವಾರ ನಮ್ಮ ಓದುಗರ ಕೂಟದಲ್ಲಿ ಆಡಿದ ಮಾತುಗಳಿವು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ, ಅಲ್ಲಲ್ಲಿ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಬಗ್ಗೆ ಮಾತಾಡುತ್ತೇನೆ ಅಂದಾಗ ಹಿರಿಯರೊಬ್ಬರು, "ಕ್ರಿಕೆಟ್ ಬಿಟ್ಟು ಅದ್ಯಾಕಪ್ಪಾ?" ಎಂದರು. ಕೇಳಬೇಕಾದ ಪ್ರಶ್ನೆಯೇ ಅದು. ಒಂದು ತೋಳಿನ ಕತೆಗಾಗಿ, ಅಷ್ಟೇ. 1884ರ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಪ್ರಾವಿಡೆನ್ಸ್ ಊರಿನ ಒಬ್ಬ ಆಟಗಾರ ಬೆಳಿಗ್ಗೆ ಎದ್ದರೆ ಅವನ ಬಲಗೈ ಮೇಲಕ್ಕೆ ಬರುತ್ತಿರಲಿಲ್ಲ. ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಮಧ್ಯಾಹ್ನ ಅದೇ ಕೈಯಲ್ಲಿ ಪೂರ್ತಿ ಪಂದ್ಯ ಎಸೆದು ಗೆಲ್ಲಿಸಿ ಬರುತ್ತಿದ್ದ. ಮಾರನೇ ದಿನ ಮತ್ತೆ ಅದೇ ಪಾಡು.

ನಾನು ಕಾಲೇಜಿನಲ್ಲಿ ವೇಗದ ಬೌಲರ್. ಒಂದು ಟೂರ್ನಮೆಂಟಿನಲ್ಲಿ ಸತತ ನಾಲ್ಕು ದಿನ ಬೌಲ್ ಮಾಡಿದೆ. ಐದನೇ ದಿನ ಭುಜ ಹೇಗೆ ಹಿಡಿದುಕೊಂಡಿತ್ತೆಂದರೆ ಅಂಗಿ ಹಾಕಿಕೊಳ್ಳಲು ಅಮ್ಮ ಬರಬೇಕಾಯಿತು. ಅದು ಬರೀ ನಾಲ್ಕು ದಿನದ ಕತೆ. ಅದಕ್ಕೇ ಇರಬೇಕು, ಈ ಮನುಷ್ಯನ ಬಗ್ಗೆ ಮೊದಲ ಸಲ ಓದಿದಾಗ ಅಂಕಿಗಳಿಗಿಂತ ಆ ಬಾಚಣಿಗೆಯೇ ನನ್ನ ಮನಸ್ಸಲ್ಲಿ ಉಳಿದುಬಿಟ್ಟಿತು.

ಅವನ ಹೆಸರು ಚಾರ್ಲ್ಸ್ ರಾಡ್‌ಬರ್ನ್. ಜನ ಕರೆದದ್ದು ಓಲ್ಡ್ ಹಾಸ್ ಎಂದು, ಅಂದರೆ ಹಳೇ ಕುದುರೆ. ಗಾಡಿಗೆ ಕಟ್ಟಿದರೆ ನಿಲ್ಲದೆ ಎಳೆಯುವ ಕುದುರೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ನಮ್ಮ ಬೌಲರ್ ಇದ್ದ ಹಾಗೆ, ಆದರೆ ಓವರ್ ಲೆಕ್ಕ ಇಲ್ಲ. ಆರು ಎಸೆತ ಆದಮೇಲೆ ಇನ್ನೊಬ್ಬ ಬರುವುದಿಲ್ಲ, ಎರಡೂ ತುದಿ ಅವನದೇ ಅಂದುಕೊಳ್ಳಿ. ಒಂದು ಇನ್ನಿಂಗ್ಸ್‌ಗೆ ಮೂರು ಔಟ್, ಒಂಬತ್ತು ಇನ್ನಿಂಗ್ಸ್‌ಗೆ 27 ಔಟ್. ಈಗಿನ ದೊಡ್ಡ ತಂಡಗಳಲ್ಲಿ ಪಂದ್ಯ ಶುರು ಮಾಡುವ ಪಿಚರ್ ಒಮ್ಮೆ ಎಸೆದರೆ ನಾಲ್ಕೈದು ದಿನ ಬಿಟ್ಟು ಮತ್ತೆ ಬರುತ್ತಾನೆ, ಒಂದು ಸೀಸನ್‌ನಲ್ಲಿ 200 ಇನ್ನಿಂಗ್ಸ್ ಎಸೆದರೆ ಭೇಷ್ ಎನ್ನುತ್ತಾರೆ. ರಾಡ್‌ಬರ್ನ್ 1884ರಲ್ಲಿ ಎಸೆದದ್ದು 678 ಇನ್ನಿಂಗ್ಸ್ ಮತ್ತು ಮೇಲೆರಡು ಔಟ್. ಒಟ್ಟು 2036 ಔಟ್. ಅವನು ಶುರು ಮಾಡಿದ ಪಂದ್ಯ 73, ಮುಗಿಸಿದ್ದೂ 73. ಒಂದರಲ್ಲೂ ನಡುವೆ ಕೈಬಿಡಲಿಲ್ಲ.

ಅವನು ಹುಟ್ಟಿದ್ದು 1854ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ. ಅಪ್ಪ ಅಮ್ಮ ಇಂಗ್ಲೆಂಡಿನಿಂದ ಬಂದವರು. ಮಗು ಚಿಕ್ಕದಿದ್ದಾಗಲೇ ಮನೆಯವರೆಲ್ಲ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ಗೆ ಹೋದರು. ಅಪ್ಪನದು ಮಾಂಸದ ಅಂಗಡಿ. ಹುಡುಗ ಅಲ್ಲಿ ಕೈಜೋಡಿಸಿದ, ಆಮೇಲೆ ರೈಲಿನಲ್ಲಿ ಬ್ರೇಕ್‌ಮನ್ ಕೆಲಸವನ್ನೂ ಮಾಡಿದ. ಪಿಯೋರಿಯಾ, ಡುಬ್ಯೂಕ್ ಎಂಬ ಸಣ್ಣ ಊರುಗಳ ತಂಡಗಳಲ್ಲಿ ಆಡಿ, 1880ರಲ್ಲಿ ಬಫಲೋ ತಂಡದ ಮೂಲಕ ದೊಡ್ಡ ಲೀಗ್‌ಗೆ ಬಂದ. ಅಲ್ಲಿ ಆರೇ ಪಂದ್ಯ. ಪಿಚರ್ ಆಗಿ ಒಂದು ಚೆಂಡನ್ನೂ ಎಸೆಯಲಿಲ್ಲ. ತೋಳು ನೋವು ಎಂದು ತಂಡ ಅವನನ್ನು ಬಿಟ್ಟುಬಿಟ್ಟಿತು. ಇದನ್ನು ಸ್ವಲ್ಪ ನೆನಪಿಡಿ. ತೋಳು ಆಗಲೇ ನೋಯುತ್ತಿತ್ತು.

1881ರಲ್ಲಿ ಪ್ರಾವಿಡೆನ್ಸ್ ಗ್ರೇಸ್ ತಂಡ ಸೇರಿದ. ಅಲ್ಲಿ ಆಗಲೇ ಜಾನ್ ಮಾಂಟ್ಗೊಮರಿ ವಾರ್ಡ್ ಎಂಬ ಹೆಸರಾಂತ ಪಿಚರ್ ಇದ್ದ. ಇಬ್ಬರೂ ಕೆಲಸ ಹಂಚಿಕೊಂಡರು. ಒಬ್ಬ ಎಸೆಯುವ ದಿನ ಇನ್ನೊಬ್ಬ ರೈಟ್ ಫೀಲ್ಡ್‌ನಲ್ಲಿ, ಅಂದರೆ ಮೈದಾನದ ಬಲಬದಿಯ ದೂರದ ಜಾಗದಲ್ಲಿ, ಫೀಲ್ಡರ್ ಆಗಿ ನಿಲ್ಲುತ್ತಿದ್ದ. 1882ರ ಆಗಸ್ಟ್ 17ರಂದು ಡೆಟ್ರಾಯಿಟ್ ವಿರುದ್ಧ ಒಂದು ಪಂದ್ಯ ನಡೆಯಿತು. 17 ಇನ್ನಿಂಗ್ಸ್ ಆದರೂ ಎರಡೂ ಕಡೆ ಸೊನ್ನೆ. ಅವತ್ತು ವಾರ್ಡ್ ಎಸೆಯುತ್ತಿದ್ದ, ರಾಡ್‌ಬರ್ನ್ ಫೀಲ್ಡರ್. 18ನೇ ಇನ್ನಿಂಗ್ಸ್‌ನಲ್ಲಿ ರಾಡ್‌ಬರ್ನ್ ಬ್ಯಾಟ್ ಹಿಡಿದು ಬಂದು ಹೋಮ್ ರನ್ ಹೊಡೆದು, ಅಂದರೆ ಒಂದೇ ಹೊಡೆತಕ್ಕೆ ಪೂರ್ತಿ ಸುತ್ತು ಓಡಿ ಬಂದು, 1-0ರಿಂದ ಪಂದ್ಯ ಮುಗಿಸಿದ. ಈ ವಾರ್ಡ್ ಮುಂದೆ ಮತ್ತೆ ಬರುತ್ತಾನೆ, ಬೇರೆಯದೇ ಪಾತ್ರದಲ್ಲಿ. ಆ ಸೀಸನ್ ಮುಗಿದ ಮೇಲೆ ಅವನು ನ್ಯೂಯಾರ್ಕ್‌ಗೆ ಹೋದ. ಭಾರ ಪೂರ್ತಿ ರಾಡ್‌ಬರ್ನ್ ಹೆಗಲಿಗೆ ಬಿತ್ತು. 1883ರಲ್ಲಿ ಅವನು 48 ಪಂದ್ಯ ಗೆದ್ದ. ಜುಲೈ 25ರಂದು ಕ್ಲೀವ್‌ಲ್ಯಾಂಡ್ ತಂಡಕ್ಕೆ ಒಂದೇ ಒಂದು ಹಿಟ್, ಅಂದರೆ ಸರಿಯಾದ ಹೊಡೆತ, ಸಹ ಕೊಡದೆ ಪಂದ್ಯ ಮುಗಿಸಿದ.

ಆ ಕಾಲದ ಆಟ ಈಗಿನದಲ್ಲ ಎನ್ನುವುದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಪಿಚರ್ ನಿಲ್ಲುತ್ತಿದ್ದ ಗೆರೆ ಬ್ಯಾಟರ್‌ನಿಂದ 50 ಅಡಿ ದೂರದಲ್ಲಿತ್ತು, ಈಗ 60 ಅಡಿ 6 ಇಂಚು. ಅವನಿಗೆ ನಾಲ್ಕಡಿ ಅಗಲ, ಆರಡಿ ಉದ್ದದ ಒಂದು ಚೌಕ ಬರೆದಿರುತ್ತಿದ್ದರು. ಅದರೊಳಗೆ ಒಂದೆರಡು ಹೆಜ್ಜೆ ಹಾಕಿ ಎಸೆಯಬಹುದಿತ್ತು. ಬ್ಯಾಟರ್‌ಗೂ ಒಂದು ಹಕ್ಕಿತ್ತು: ನನಗೆ ಎತ್ತರದ ಎಸೆತ ಬೇಕು ಅಥವಾ ತಗ್ಗಿನದು ಬೇಕು ಎಂದು ಮೊದಲೇ ಹೇಳಬಹುದಿತ್ತು. 1884ರಲ್ಲೇ ಪ್ರಾವಿಡೆನ್ಸ್ ಆಡುತ್ತಿದ್ದ ನ್ಯಾಷನಲ್ ಲೀಗ್ ಭುಜದ ಮೇಲಿಂದ ಎಸೆಯಲು ಮೊದಲ ಸಲ ಅನುಮತಿ ಕೊಟ್ಟಿತು. ರಾಡ್‌ಬರ್ನ್ ಮಾತ್ರ ಹೆಚ್ಚಾಗಿ ಹಳೇ ರೀತಿಯಲ್ಲೇ, ಕೈ ಕೆಳಗಿನಿಂದ ಬೀಸಿ ಎಸೆಯುತ್ತಿದ್ದ. ಬರೀ ವೇಗ ನೆಚ್ಚಿಕೊಂಡವನಲ್ಲ. ಚೆಂಡು ತಿರುಗಿಸುವುದು, ವೇಗ ಬದಲಿಸುವುದು, ಬ್ಯಾಟರ್ ಏನು ಯೋಚಿಸುತ್ತಾನೆಂದು ಮೊದಲೇ ಊಹಿಸುವುದು, ಇದು ಅವನ ಬಂಡವಾಳ.

ಇನ್ನೊಂದು ನಿಯಮ ನಮ್ಮ ಕತೆಗೆ ಬಹಳ ಮುಖ್ಯ. ಹೊರಗೆ ಕೂತ ಆಟಗಾರನನ್ನು ಸುಮ್ನೆ ಬದಲಿಯಾಗಿ ಕರೆಯುವ ಹಾಗಿರಲಿಲ್ಲ. ಗಾಯವಾದರೆ ಮಾತ್ರ. ಪಿಚರ್ ಸೋತು ಹೋದರೆ ಮೈದಾನದಲ್ಲೇ ಇರುವ ಒಬ್ಬ ಫೀಲ್ಡರ್ ಜೊತೆ ಜಾಗ ಬದಲಿಸಿಕೊಳ್ಳಬೇಕು. ಅದಕ್ಕೇ ಎರಡನೇ ಪಿಚರ್‌ನನ್ನು ರೈಟ್ ಫೀಲ್ಡ್‌ನಲ್ಲಿ ನಿಲ್ಲಿಸಿಕೊಂಡು ಆಡುತ್ತಿದ್ದರು.

ಈಗ 1884ಕ್ಕೆ ಬರೋಣ. ತಂಡದ ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್. ಕ್ಯಾಲಿಫೋರ್ನಿಯಾದಿಂದ ಬಂದ ಚಾರ್ಲಿ ಸ್ವೀನಿ ಎಂಬ ಹುಡುಗ ಇನ್ನೊಬ್ಬ ಪಿಚರ್. ಒಳ್ಳೇ ವೇಗ, ಭಾರಿ ಪ್ರತಿಭೆ. ಜೂನ್ 7ರಂದು ಬೋಸ್ಟನ್ ವಿರುದ್ಧ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಚೆಂಡು ಹೊಡೆಯಲಾಗದೆ ಔಟಾಗುವ ಹಾಗೆ ಎಸೆದ. ಒಂಬತ್ತು ಇನ್ನಿಂಗ್ಸ್‌ನಲ್ಲಿ ಆ ಸಂಖ್ಯೆಯನ್ನು ದಾಟಿ 20 ಮುಟ್ಟಲು 1986ರವರೆಗೆ ಕಾಯಬೇಕಾಯಿತು. ಜನರ ಕಣ್ಣು ಸ್ವೀನಿ ಮೇಲೆ ಬಿತ್ತು. ರಾಡ್‌ಬರ್ನ್‌ಗೆ ಆಗ 29 ವರ್ಷ, ಕೈ ನೋವು, ಮೊದಲೇ ಸಿಡುಕು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಜುಲೈ 16ರಂದು ಬೋಸ್ಟನ್ ವಿರುದ್ಧದ ಪಂದ್ಯದಲ್ಲಿ ಬೇಕೆಂದೇ ಕೆಟ್ಟದಾಗಿ ಎಸೆದ ಎಂದು ಆರೋಪ ಹೊರಿಸಿ ಆಡಳಿತದವರು ರಾಡ್‌ಬರ್ನ್‌ನನ್ನು ಅಮಾನತು ಮಾಡಿದರು.

ಒಂದೇ ವಾರದಲ್ಲಿ ಎಲ್ಲ ಬುಡಮೇಲಾಯಿತು. ಜುಲೈ 22ರಂದು ಫಿಲಡೆಲ್ಫಿಯಾ ವಿರುದ್ಧ ಪಂದ್ಯ. ಸ್ವೀನಿ ಕುಡಿದು ಬಂದಿದ್ದ. ತಂಡ ಮುಂದಿತ್ತು. ಸಾಕು, ರೈಟ್ ಫೀಲ್ಡ್‌ಗೆ ಹೋಗು ಎಂದು ಬ್ಯಾಂಕ್ರಾಫ್ಟ್ ಹೇಳಿದ. ಸ್ವೀನಿ ಒಪ್ಪಲಿಲ್ಲ, ಬೈದಾಡಿ ಮೈದಾನ ಬಿಟ್ಟೇ ಹೋದ. ಬದಲಿ ಆಟಗಾರ ಇಲ್ಲ, ನಿಯಮ ಈಗತಾನೇ ಹೇಳಿದೆನಲ್ಲ. ಎಂಟೇ ಜನ ಆಡಿ ಪ್ರಾವಿಡೆನ್ಸ್ ಸೋತಿತು. ಸ್ವೀನಿಯನ್ನು ತಂಡದಿಂದ ಹೊರಹಾಕಿದರು. ಅವನು ಸೇಂಟ್ ಲೂಯಿಸ್‌ನ ಪ್ರತಿಸ್ಪರ್ಧಿ ಲೀಗ್ ತಂಡಕ್ಕೆ ಹೋಗಿ ಸೇರಿದ. ಈಗ ಪ್ರಾವಿಡೆನ್ಸ್‌ನಲ್ಲಿ ಮುಖ್ಯ ಪಿಚರ್ ಎಂದರೆ ಒಬ್ಬ ಅಮಾನತಾದವನು, ಇನ್ನೊಬ್ಬ ಓಡಿಹೋದವನು. ತಂಡವನ್ನೇ ಮುಚ್ಚಿಬಿಡೋಣ ಎಂಬ ಮಾತೂ ಬಂತು.

ಆಗ ರಾಡ್‌ಬರ್ನ್ ಒಂದು ಕರಾರು ಮುಂದಿಟ್ಟ. ಉಳಿದ ಪಂದ್ಯಗಳನ್ನೆಲ್ಲ ನಾನು ಎಸೆಯುತ್ತೇನೆ. ಹೆಚ್ಚಿನ ಸಂಬಳ ಕೊಡಿ. ಸೀಸನ್ ಮುಗಿದ ಮೇಲೆ ನನ್ನನ್ನು ರಿಸರ್ವ್ ನಿಯಮದಿಂದ ಬಿಡುಗಡೆ ಮಾಡಿ.

ಇವತ್ತಿನ ನನ್ನ ಮಾತಿನ ಜೀವ ಇಲ್ಲಿದೆ, ಸ್ವಲ್ಪ ನಿಲ್ಲುತ್ತೇನೆ. ರಿಸರ್ವ್ ನಿಯಮ ಎಂದರೆ ಏನು? 1879ರಲ್ಲಿ ಲೀಗ್‌ನ ಮಾಲೀಕರು ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಒಂದೊಂದು ತಂಡ ಐದು ಜನರನ್ನು ಕಾಯ್ದಿರಿಸಬಹುದು, ಅವರನ್ನು ಬೇರೆ ಯಾವ ತಂಡವೂ ಮಾತಾಡಿಸುವ ಹಾಗಿಲ್ಲ. 1883ರ ಹೊತ್ತಿಗೆ ಐದು ಹನ್ನೊಂದಾಯಿತು, ಅಂದರೆ ಹೆಚ್ಚುಕಡಿಮೆ ಇಡೀ ತಂಡ. ಒಂದು ವರ್ಷಕ್ಕೆಂದು ಸಹಿ ಹಾಕಿದವನು ಮಾಲೀಕ ಬಿಡುವವರೆಗೆ ಅವನದೇ ಆಳು. ಸಂಬಳ ಸಾಲದು ಅಂದರೆ ಮನೆಯಲ್ಲಿ ಕೂತಿರು, ಅಷ್ಟೇ. ಮಾಲೀಕನಿಗೆ ಬೇಡವಾದರೆ ಮಾತ್ರ ಹತ್ತು ದಿನದಲ್ಲಿ ಬೀದಿಗೆ. ಬಫಲೋದಲ್ಲಿ ತೋಳು ನೋವೆಂದು ಹೊರಬಿದ್ದವನಿಗೆ ಇದರ ಅರ್ಥ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ರಾಡ್‌ಬರ್ನ್ ಬಗ್ಗೆ ಬರೆದವರು ಜಾಸ್ತಿ ಹೇಳುವುದು ಛಲದ ಕತೆ. ಗಂಡೆದೆ, ಉಕ್ಕಿನ ಮನುಷ್ಯ, ಇತ್ಯಾದಿ. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಅವನು ಒಂದು ವ್ಯಾಪಾರ ಮಾಡಿದ. ತನ್ನ ತೋಳು ಎಷ್ಟು ದಿನ ಬಾಳುತ್ತದೆ ಎಂಬ ಅಂದಾಜು ಅವನಿಗಿತ್ತು. ಮಾಲೀಕರು ಕೈಕಟ್ಟಿ ನಿಂತ ಆ ಒಂದು ವಾರದಲ್ಲಿ ಅದನ್ನು ಇಟ್ಟು ತನ್ನ ಬಿಡುಗಡೆ ಕೇಳಿದ. ಅವನಿಗೆ ಸಿಕ್ಕ ಅವಕಾಶ ಅದೊಂದೇ, ಅದನ್ನು ಅವನು ಬಿಡಲಿಲ್ಲ. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟುವುದು ಅಲ್ಲಿ.

ಆಮೇಲೆ ನಡೆದದ್ದನ್ನು ಈಗಲೂ ನಂಬುವುದು ಕಷ್ಟ. ಜುಲೈ 23ರಿಂದ ಸೆಪ್ಟೆಂಬರ್ 24ರವರೆಗೆ ತಂಡ ಆಡಿದ 43 ಪಂದ್ಯಗಳಲ್ಲಿ 40ನ್ನು ಅವನೇ ಎಸೆದ, 36 ಗೆದ್ದ. ಅದರಲ್ಲಿ ಸತತ 18 ಗೆಲುವು. ಆಗಸ್ಟ್ ಎರಡನೇ ವಾರ ಬೋಸ್ಟನ್ ಜೊತೆ ನಾಲ್ಕು ಪಂದ್ಯ ಬಂದವು. ಚಾಂಪಿಯನ್ ಪಟ್ಟಕ್ಕೆ ಪೈಪೋಟಿ ಇದ್ದದ್ದೇ ಈ ಎರಡು ತಂಡಗಳ ನಡುವೆ. 9ನೇ ತಾರೀಖು 11 ಇನ್ನಿಂಗ್ಸ್‌ವರೆಗೆ ಸೊನ್ನೆ-ಸೊನ್ನೆ ಎಳೆದುಕೊಂಡು ಹೋಯಿತು. ಕೊನೆಗೆ ಪ್ರಾವಿಡೆನ್ಸ್‌ನ ಆರ್ಥರ್ ಇರ್ವಿನ್ ಹೊಡೆದ ಚೆಂಡು ಬೇಲಿಯ ಒಂದು ತೂತಿನೊಳಗೆ ನುಗ್ಗಿ ಆಚೆ ಹೋಯಿತು, 1-0. ನಾಲ್ಕಕ್ಕೆ ನಾಲ್ಕನ್ನೂ ರಾಡ್‌ಬರ್ನ್ ಗೆದ್ದುಕೊಟ್ಟ.

ಅವನು ಅದನ್ನು ಹೇಗೆ ಮಾಡುತ್ತಿದ್ದ ಎಂಬುದನ್ನು ಬ್ಯಾಂಕ್ರಾಫ್ಟ್ ಮುಂದೆ ನೆನಪಿಸಿಕೊಂಡಿದ್ದಾನೆ. ಪಂದ್ಯಕ್ಕೆ ಬಹಳ ಮೊದಲೇ ರಾಡ್‌ಬರ್ನ್ ಮೈದಾನಕ್ಕೆ ಬರುತ್ತಿದ್ದ. ಮೊದಲು ನಾಲ್ಕು ಹೆಜ್ಜೆ ದೂರದಿಂದ ಮೆಲ್ಲಗೆ ಚೆಂಡು ಎಸೆಯುವುದು. ಮುಖ ಕಿವುಚುವಷ್ಟು ನೋವು. ಸ್ವಲ್ಪ ದೂರ ಹೋಗುವುದು, ಮತ್ತೆ ಎಸೆಯುವುದು. ಹಾಗೇ ಹಿಂದೆ ಹಿಂದೆ ಸರಿದು, ದೂರದ ಫೀಲ್ಡಿನಿಂದ ಎಸೆಯಲು ಆಗುವಷ್ಟು ತೋಳು ಬಿಸಿಯಾದ ಮೇಲೆ ನಾನು ಸಿದ್ಧ ಎನ್ನುವುದು. ಇದನ್ನು ನೋಡಲು ತಂಡದ ಹುಡುಗರೆಲ್ಲ ಕಾದಿರುತ್ತಿದ್ದರಂತೆ. ಅವನ ತೋಳು ಬಿಸಿಯಾದರೆ ಅವತ್ತಿನ ಪಂದ್ಯ ತಮ್ಮದು ಎಂಬ ನಂಬಿಕೆ. ಎದುರು ಕೂತು ಆ ಚೆಂಡುಗಳನ್ನು ಹಿಡಿಯುತ್ತಿದ್ದವನು ಹೆಚ್ಚಾಗಿ ಬಾರ್ನಿ ಗಿಲ್ಲಿಗನ್. ಆಗ ಕ್ಯಾಚರ್‌ಗಳಿಗೆ ಇದ್ದದ್ದು ಬೆರಳು ಕತ್ತರಿಸಿದ ತೆಳು ಗ್ಲೌಸ್. ಅವನ ಬೆರಳುಗಳ ಗತಿ ಏನಾಗಿರಬೇಕು! ರಾಡ್‌ಬರ್ನ್ ಹೆಸರಿನ ಪಕ್ಕ ಅವನ ಹೆಸರನ್ನೂ ಯಾರಾದರೂ ಹೇಳಬೇಕು, ಅದಕ್ಕೇ ಹೇಳಿದೆ.

ಒಂದು ಮಾತು ನ್ಯಾಯವಾಗಿ ಹೇಳಿಬಿಡುತ್ತೇನೆ. ಅಷ್ಟು ಎಸೆದವನು ಅವನೊಬ್ಬನೇ ಅಲ್ಲ. 1879ರಲ್ಲಿ ಸಿನ್ಸಿನಾಟಿಯ ವಿಲ್ ವೈಟ್ 680 ಇನ್ನಿಂಗ್ಸ್ ಎಸೆದಿದ್ದ, ಕನ್ನಡಕ ಹಾಕಿಕೊಂಡು. 1884ರಲ್ಲೇ ಲೂಯಿವಿಲ್‌ನ ಗೈ ಹೆಕರ್ 52 ಪಂದ್ಯ ಗೆದ್ದ, ಬೋಸ್ಟನ್‌ನ ಚಾರ್ಲಿ ಬಫಿಂಟನ್ 48 ಗೆದ್ದ. ತೋಳು ಸವೆಸುವುದು ಆ ಕಾಲದ ಪದ್ಧತಿಯೇ ಆಗಿತ್ತು. ಒಬ್ಬನ ಕೈ ಹೋದರೆ ಇನ್ನೊಬ್ಬ ಸಿಗುತ್ತಾನೆ ಎನ್ನುವ ಲೆಕ್ಕ. ರಾಡ್‌ಬರ್ನ್ ಬೇರೆಯಾಗಿ ಕಾಣುವುದು ತನ್ನ ಸವೆತಕ್ಕೆ ತಾನೇ ಬೆಲೆ ಕಟ್ಟಿದ್ದರಿಂದ.

ಪ್ರಾವಿಡೆನ್ಸ್ 84 ಗೆದ್ದು 28 ಸೋತು, ಬೋಸ್ಟನ್‌ಗಿಂತ ಹತ್ತೂವರೆ ಪಂದ್ಯ ಮುಂದೆ ನಿಂತು ಚಾಂಪಿಯನ್ ಆಯಿತು. ರಾಡ್‌ಬರ್ನ್ 59 ಗೆಲುವು, 12 ಸೋಲು, 441 ಸ್ಟ್ರೈಕ್‌ಔಟ್. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 1.38 ರನ್ ಮಾತ್ರ ಅವನ ಲೆಕ್ಕಕ್ಕೆ. ಅಕ್ಟೋಬರ್‌ನಲ್ಲಿ ಇನ್ನೊಂದು ಲೀಗ್‌ನ ಚಾಂಪಿಯನ್ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ಜೊತೆ ಮೂರು ಪಂದ್ಯ ಇಟ್ಟರು. 23, 24, 25, ಸತತ ಮೂರು ದಿನ. ಮೂರನ್ನೂ ಅವನೇ ಎಸೆದ, ಮೂರನ್ನೂ ಗೆದ್ದ: 6-0, 3-1, 12-2. ಮೂರನೇ ದಿನ ಅಂಪೈರ್ ಆಗಿ ನಿಂತವನು ಎದುರಾಳಿ ತಂಡದ ಪಿಚರ್ ಟಿಮ್ ಕೀಫ್. ಹಾಗೂ ನಡೆಯುತ್ತಿತ್ತು ಆಗ.

ಕರಾರಿನ ಪ್ರಕಾರ ಬಿಡುಗಡೆ ಕೈಗೆ ಬಂತಲ್ಲ, ಎಲ್ಲಿಗೆ ಹೋದ? ಎಲ್ಲಿಗೂ ಹೋಗಲಿಲ್ಲ. ಪ್ರಾವಿಡೆನ್ಸ್‌ನಲ್ಲೇ ಉಳಿದ. ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗಿ, "ಮತ್ತೆ ಅಷ್ಟೆಲ್ಲ ಮಾಡಿದ್ದು ಯಾಕೆ?" ಎಂದು ಕೇಳಿದಳು. ನಾನು ಹೇಳಿದ್ದು ಇಷ್ಟು: ಕಟ್ಟಿಹಾಕಿದ್ದಕ್ಕೆ ಇರುವುದು ಬೇರೆ, ಬೇಕು ಅಂತ ಇರುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಒಳಗಿರುವವನಿಗೆ ಅಲ್ಲ.

1885ರಲ್ಲಿ 28 ಗೆಲುವು, 21 ಸೋಲು. ತೋಳು ಮೊದಲಿನ ಹಾಗೆ ಉಳಿದಿರಲಿಲ್ಲ. ಆ ವರ್ಷದ ಕೊನೆಗೆ ಪ್ರಾವಿಡೆನ್ಸ್ ತಂಡವೇ ಮುಚ್ಚಿತು, ಬೋಸ್ಟನ್‌ನವರು ಅವನನ್ನು ತೆಗೆದುಕೊಂಡರು. 1886ರ ಏಪ್ರಿಲ್‌ನಲ್ಲಿ ಬೋಸ್ಟನ್ ಮತ್ತು ನ್ಯೂಯಾರ್ಕ್ ತಂಡಗಳು ಒಟ್ಟಿಗೆ ನಿಂತ ಒಂದು ಫೋಟೋ ಇದೆ. ಹಿಂದಿನ ಸಾಲಿನ ಎಡತುದಿಯಲ್ಲಿ ರಾಡ್‌ಬರ್ನ್, ಕ್ಯಾಮೆರಾಗೆ ನಡುಬೆರಳು ತೋರಿಸುತ್ತಿದ್ದಾನೆ. ಆ ಸನ್ನೆ ಫೋಟೋದಲ್ಲಿ ಸಿಕ್ಕ ಮೊದಲ ಉದಾಹರಣೆ ಅದೇ ಎನ್ನುತ್ತಾರೆ. ಜನ ಅದನ್ನು ನೋಡಿ ನಗುತ್ತಾರೆ. ನನಗೆ ಅವನ ಸಿಟ್ಟು ಅರ್ಥವಾಗುತ್ತದೆ.

ಈಗ ವಾರ್ಡ್ ಕತೆ. ಅವನು ನ್ಯೂಯಾರ್ಕ್‌ನಲ್ಲಿ ಆಡುತ್ತಲೇ ಕೊಲಂಬಿಯಾದಲ್ಲಿ ಕಾನೂನು ಓದಿದ. 1885ರಲ್ಲಿ ಆಟಗಾರರ ಸಂಘ ಕಟ್ಟಿದ. ಆಟಗಾರ ಎಂದರೆ ಮಾಲೀಕನ ಸೊತ್ತೇ ಎಂದು 1887ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳಿದ. ಆಗಲೂ ಮಾಲೀಕರು ಕಿವಿಗೊಡದಿದ್ದಾಗ, 1890ರಲ್ಲಿ ಆಟಗಾರರೇ ಸೇರಿ ತಮ್ಮದೇ ಲೀಗ್ ಶುರು ಮಾಡಿದರು, ಪ್ಲೇಯರ್ಸ್ ಲೀಗ್. ರಿಸರ್ವ್ ನಿಯಮವೇ ಇಲ್ಲದ ಲೀಗ್. ರಾಡ್‌ಬರ್ನ್ ಹಳೇ ಜೊತೆಗಾರನ ಕಡೆ ನಿಂತ. 35 ವರ್ಷದ ಆ ಸವೆದ ತೋಳಿನಿಂದ ಬೋಸ್ಟನ್‌ಗೆ 27 ಪಂದ್ಯ ಗೆದ್ದುಕೊಟ್ಟ, ಸೋತದ್ದು 12. ತಂಡ ಚಾಂಪಿಯನ್ ಆಯಿತು. ಆರು ವರ್ಷದ ಹಿಂದೆ ಒಬ್ಬನೇ ನಿಂತು ತನಗಾಗಿ ಕೇಳಿದ್ದನ್ನು ಈ ಸಲ ನೂರಾರು ಜನ ಒಟ್ಟಿಗೆ ಕೇಳಿದ್ದರು. ನನಗೆ 59ರಷ್ಟೇ ಈ 27 ಕೂಡ ದೊಡ್ಡದು. ಲೀಗ್ ಒಂದೇ ವರ್ಷಕ್ಕೆ ಹಣವಿಲ್ಲದೆ ನಿಂತುಹೋಯಿತು. ರಿಸರ್ವ್ ನಿಯಮ ಸಡಿಲವಾಗಲು 1975 ಬರಬೇಕಾಯಿತು.

ಮುಂದಿನ ವರ್ಷ ಸಿನ್ಸಿನಾಟಿಯಲ್ಲಿ 11 ಗೆದ್ದು ಆಟ ಬಿಟ್ಟ. ಬ್ಲೂಮಿಂಗ್ಟನ್‌ಗೆ ವಾಪಸ್ ಹೋಗಿ ಬಾರ್ ಮತ್ತು ಬಿಲಿಯರ್ಡ್ಸ್ ಹಾಲ್ ನಡೆಸಿದ. ಬೇಟೆಯಾಡುವುದೆಂದರೆ ಪ್ರಾಣ. 1894ರಲ್ಲಿ ಬೇಟೆಗೆ ಹೋದಾಗ ಅಕಸ್ಮಾತ್ ಗುಂಡು ಹಾರಿ ಎಡಗಣ್ಣು ಹೋಯಿತು, ಮುಖದ ಒಂದು ಭಾಗ ಸೆಟೆದುಕೊಂಡಿತು, ಮಾತು ತೊದಲಿತು. ಆಮೇಲೆ ಅವನು ಜನರ ಎದುರು ಬರುವುದೇ ಕಡಿಮೆ. ತನ್ನದೇ ಬಾರ್‌ನ ಹಿಂದಿನ ಕೋಣೆಯಲ್ಲಿ ಕೂತಿರುತ್ತಿದ್ದ. 1897ರ ಫೆಬ್ರವರಿ 5ರಂದು ತೀರಿಕೊಂಡ, 42 ವರ್ಷಕ್ಕೆ. 1939ರಲ್ಲಿ ಬೇಸ್‌ಬಾಲ್‌ನ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್ ಅವನ ಹೆಸರು ಸೇರಿಸಿಕೊಂಡಿತು. ಸ್ವೀನಿಯ ಕತೆ ಇನ್ನೂ ಬೇಗ ಮುಗಿಯಿತು. ಮೂರೇ ವರ್ಷದಲ್ಲಿ ದೊಡ್ಡ ಲೀಗ್‌ನಿಂದ ಹೊರಗೆ. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಬ್ಬನಿಗೆ ಗುಂಡು ಹಾರಿಸಿ ಕೊಂದು ಜೈಲಿಗೆ ಹೋದ.

ಕೊನೆಗೆ ಒಬ್ಬರು, "ನೀವು 59 ಅಂತೀರಿ, ನಾನು ಫೋನಲ್ಲಿ ನೋಡಿದರೆ 60 ಅಂತಿದೆಯಲ್ಲ" ಎಂದರು. ಎರಡೂ ಕಾಣಸಿಗುತ್ತವೆ. ಜಗಳ ಜುಲೈ 28ರ ಪಂದ್ಯದ್ದು, ಸ್ವೀನಿ ಬಿಟ್ಟುಹೋಗಿ ಆರೇ ದಿನ ಆಗಿತ್ತು. ಅವತ್ತು ಎಸೆಯಲು ನಿಂತವನು ಸೈಕ್ಲೋನ್ ಮಿಲ್ಲರ್ ಎಂಬಾತ. ಐದು ಇನ್ನಿಂಗ್ಸ್ ಎಸೆದ. ತಂಡ ಮುಂದಿದ್ದಾಗ ಅವನ ಜಾಗಕ್ಕೆ ರಾಡ್‌ಬರ್ನ್ ಬಂದು ಉಳಿದ ನಾಲ್ಕನ್ನು ಮುಗಿಸಿದ. ಆಗಿನ ಸ್ಕೋರರ್ ಗೆಲುವನ್ನು ರಾಡ್‌ಬರ್ನ್ ಹೆಸರಿಗೆ ಬರೆದ. ಈಗಿನ ನಿಯಮದಲ್ಲಿ ಅದು ಮಿಲ್ಲರ್‌ಗೆ ಸೇರಬೇಕು. ನಾನು 59 ಎಂದೇ ಹೇಳುತ್ತೇನೆ. ಆ ಬೇಸಿಗೆಯಲ್ಲಿ ರಾಡ್‌ಬರ್ನ್ ತೋಳಿಗೆ ಐದು ಇನ್ನಿಂಗ್ಸ್ ವಿರಾಮ ಕೊಟ್ಟವನು ಮಿಲ್ಲರ್. ಆ ಗೆಲುವು ಅವನ ಹೆಸರಲ್ಲೇ ಇರಲಿ.